ಹೋರಿಯ ಮೇಲೆ ಬಂದ ದೂರು

ಈ ಕಂತನ್ನು ಮಸ್ಕತ್‌ನ ಅಲ್ ಅಜೈಬಾದ ನಮ್ಮ ಮನೆಯಿಂದ ರೆಕಾರ್ಡ್ ಮಾಡ್ತಾ ಇದ್ದೀನಿ. ಎಸಿ ಸದ್ದು ಮೈಕಿಗೆ ಬೀಳಬಾರದು ಅಂತ ಆಫ್ ಮಾಡಿ ಕೂತಿದ್ದೀನಿ. ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ, ನಡುವೆ ವಿಮಾನದ ಸದ್ದು ಬಂದ್ರೆ ಹೊಂದಿಸಿಕೊಳ್ಳಿ.

ಎರಡು ತಿಂಗಳ ಹಿಂದೆ ಊರಿಂದ ನನ್ನ ತಮ್ಮ ಫೋನ್ ಮಾಡಿದ್ದ. ಊರು ಅಂದ್ರೆ ಚನ್ನರಾಯಪಟ್ಟಣದ ಹತ್ತಿರ. ಡೇರಿಗೆ ಹಾಲು ಹಾಕೋ ಮನೆ ನಮ್ಮದು, ಕೊಟ್ಟಿಗೇಲಿ ನಾಲ್ಕು ಎಚ್‌ಎಫ್ ಹಸು.

“ಅಣ್ಣಾ, ಎರಡನೇ ಹಸೂನೂ ಕಂದು ಹಾಕ್ಬುಡ್ತು ಕಣಣ್ಣ. ಏಳು ತಿಂಗಳು ತುಂಬಿತ್ತು.”

“ಯಾಕಂತೆ? ಡಾಕ್ಟ್ರಿಗೆ ತೋರಿಸಿದ್ಯಾ?”

“ಡಾಕ್ಟ್ರು ಏನ್ ಹೇಳ್ತಾರೆ ಬಿಡಣ್ಣ. ಆ ಹೋರಿ ಸೂಜೀನೇ ಸರಿ ಇಲ್ಲ. ಊರೆಲ್ಲಾ ಅದನ್ನೇ ಹೇಳ್ತಾವ್ರೆ. ಅದ್ರ ಸೂಜಿ ಹಾಕ್ಸಿದೋರ ಮನೇಲೆಲ್ಲಾ ಇದೇ ಕತೆಯಂತೆ.”

ಸೂಜಿ ಅಂದರೆ ಕೃತಕ ಗರ್ಭಧಾರಣೆ ಅಂತ ಹಳ್ಳಿ ಕಡೆಯ ಕೇಳುಗರಿಗೆ ಹೇಳಬೇಕಿಲ್ಲ. ತಮ್ಮ ಫೋನ್ ಇಟ್ಟ ಮೇಲೆ ನನಗೆ ಉಳಿದ ಪ್ರಶ್ನೆ ಇದು: ಒಂದು ಹೋರಿ ತನ್ನ ಕರುಗಳಿಗೆ ರೋಗ ದಾಟಿಸುತ್ತದೆ ಅನ್ನುವ ದೂರು ನಿಜವೋ ಸುಳ್ಳೋ ಅಂತ ತೀರ್ಮಾನಿಸೋದು ಹೇಗೆ?

ಈ ಪ್ರಶ್ನೆಯನ್ನು ತುಂಬಾ ಗಂಭೀರವಾಗಿ, ತುಂಬಾ ದುಡ್ಡು ಕಳೆದುಕೊಂಡು ಕೇಳಿದವರು ಹಾಲಿನವರಲ್ಲ, ಮಾಂಸದ ದನ ಸಾಕುವವರು. ಇಲ್ಲಿ ಅಜೈಬಾದ ಸೂಪರ್‌ಮಾರ್ಕೆಟ್ಟುಗಳಲ್ಲಿ ಮಾಂಸದ ಕೌಂಟರ್ ಮುಂದೆ ಹೋದರೆ ‘ಬ್ಲ್ಯಾಕ್ ಆ್ಯಂಗಸ್’ ಅನ್ನೋ ಚೀಟಿ ಕಾಣಿಸುತ್ತೆ. ತಿನ್ನುವವರು ತಿನ್ನಲಿ, ಬಿಡುವವರು ಬಿಡಲಿ, ಅದು ಅವರವರ ವಿಷಯ. ನಮಗೆ ಬೇಕಿರುವುದು ಆ ಆ್ಯಂಗಸ್ ತಳಿಯಲ್ಲಿ 2008ರಲ್ಲಿ ನಡೆದ ಒಂದು ವಿಚಾರಣೆ.

ಅದಕ್ಕೆ ಮುಂಚೆ ಒಂದು ಮಾತು. ಇಲ್ಲಿಂದ ಪಶ್ಚಿಮಕ್ಕೆ ಸಮುದ್ರದ ಬದಿಯಲ್ಲೇ ಹೋದರೆ ಬರ್ಕಾ ಅನ್ನೋ ಊರು ಸಿಗುತ್ತೆ. ಅಲ್ಲಿ ಹೋರಿಗೆ ಹೋರಿ ಗುದ್ದಾಡಿಸುವ ಸ್ಪರ್ಧೆ ಪ್ರಸಿದ್ಧ. ಬೆನ್ನು ತೋರಿಸಿದ ಹೋರಿ ಸೋತಂತೆ. ನಮ್ಮ ಹಾವೇರಿ ಕಡೆ ದೀಪಾವಳಿಯ ಹೊತ್ತಿಗೆ ಕೊಬ್ಬರಿ ಹಾರ ಕಟ್ಟಿ ಹೋರಿ ಓಡಿಸ್ತಾರಲ್ಲ, ಅಲ್ಲೂ ಹಾಗೇ. ಕೊಬ್ಬರಿ ಕೀಳೋಕೆ ಬಿಡದೆ ಓಡಿದ ಹೋರಿಗೆ ಹೆಸರು. ಎರಡು ಕಡೆಯೂ ಹೋರಿಯ ಹೆಸರು ನಿರ್ಧಾರವಾಗೋದು ಹೋರಿಯನ್ನೇ ನೋಡಿ, ಎಲ್ಲರ ಕಣ್ಣೆದುರಿಗೆ. ಬೀಜದ ಹೋರಿಯ ವಿಷಯ ಹಾಗಲ್ಲ. ಅದು ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿರಬಹುದು, ಒಂದು ದಿನವೂ ಮೇವು ಬಿಟ್ಟಿರಲಿಕ್ಕಿಲ್ಲ. ನಾವು ಅಳೆಯಬೇಕಾದದ್ದು ಅದರೊಳಗಿರುವ, ಅದಕ್ಕೇ ತೊಂದರೆ ಕೊಡದ ಒಂದು ವಸ್ತುವನ್ನ. ಅದು ಕಾಣೋದು ಮಕ್ಕಳಲ್ಲಿ, ಕೆಲವೊಮ್ಮೆ ಮೊಮ್ಮಕ್ಕಳಲ್ಲಿ.

ಈಗ 2008ಕ್ಕೆ ಬರೋಣ. ಅಮೆರಿಕದ ಆ್ಯಂಗಸ್ ಸಾಕುವವರ ಕೊಟ್ಟಿಗೆಗಳಲ್ಲಿ ವಿಚಿತ್ರ ಕರುಗಳು ಹುಟ್ಟಿದ ಸುದ್ದಿ ಅಲ್ಲೊಂದು ಇಲ್ಲೊಂದು ಬರುತ್ತಿತ್ತು. ಹುಟ್ಟುವಾಗಲೇ ಸತ್ತಿರುತ್ತಿದ್ದವು. ಸಣ್ಣ ಮೈ, ಮಾಂಸಖಂಡವೇ ಇಲ್ಲದಂತೆ ಬಡಕಲು, ಬೆನ್ನುಮೂಳೆ ತಿರುಚಿದೆ, ಕಾಲುಗಳು ಮಡಚಿದಲ್ಲೇ ಗಟ್ಟಿಯಾಗಿ ನಿಂತಿವೆ. ಸಾಕುವವರು ಇದಕ್ಕೆ ‘ಕರ್ಲಿ ಕಾಫ್’ ಅಂತ ಹೆಸರಿಟ್ಟರು, ಸುರುಳಿ ಕರು. ವೈದ್ಯಕೀಯ ಹೆಸರು ಆರ್ಥ್ರೋಗ್ರೈಪೋಸಿಸ್ ಮಲ್ಟಿಪ್ಲೆಕ್ಸ್. ನಾವು ಇವತ್ತಿಗೆ ಸುರುಳಿ ಕರು ಅಂತಲೇ ಕರೆಯೋಣ.

ಇಂಥ ಕರು ಹುಟ್ಟಿದರೆ ಅಮೆರಿಕದ ಪಶ್ಚಿಮದ ರೈತನ ಮನಸ್ಸು ಮೊದಲು ಹೋಗೋದು ಹೋರಿಯ ಕಡೆಗಲ್ಲ, ಹುಲ್ಲುಗಾವಲಿನ ಕಡೆಗೆ. ಅಲ್ಲಿ ಲೂಪಿನ್ ಅನ್ನೋ ಕಾಡುಗಿಡ ಬೆಳೆಯುತ್ತೆ, ಅದರ ಕೆಲವು ಜಾತಿಗಳಲ್ಲಿ ಅನಾಗೈರಿನ್ ಎಂಬ ವಿಷ ಇರುತ್ತೆ. ಗಬ್ಬದ ಹಸು ಸುಮಾರು 40ರಿಂದ 70ನೇ ದಿನದ ಒಳಗೆ, ಕೆಲವೊಮ್ಮೆ 100ನೇ ದಿನದವರೆಗೂ, ಅದನ್ನು ಹೊಟ್ಟೆ ತುಂಬಾ ಮೇಯ್ದರೆ ಕಾಲು ಸೊಟ್ಟಗಿರುವ ಕರು ಹುಟ್ಟಬಹುದು. ಇನ್ನೊಂದು ಕಾರಣ ವೈರಸ್. 1959ರಲ್ಲಿ ಜಪಾನಿನ ಅಕಬಾನೆ ಎಂಬ ಹಳ್ಳಿಯಲ್ಲಿ ಸೊಳ್ಳೆಗಳಿಂದ ಬೇರ್ಪಡಿಸಿದ, ಅದೇ ಹೆಸರಿನ ವೈರಸ್. ಸೊಳ್ಳೆಗಿಂತಲೂ ಚಿಕ್ಕದಾದ ಕಚ್ಚುವ ನುಸಿಗಳು ಅದನ್ನು ಹರಡುತ್ತವೆ. ಒಮಾನ್‌ನಲ್ಲೂ ಅದು ಸಿಕ್ಕಿದೆ, 1990ರ ದಶಕದ ಆರಂಭದಲ್ಲೇ ಆ ವರದಿ ಬಂದಿದೆ. ಹಸುವಿಗೆ ಏನೂ ಆಗಿಲ್ಲ ಅನ್ನಿಸುತ್ತೆ, ಹೊಟ್ಟೆಯೊಳಗಿನ ಕರು ಹಾಳಾಗಿರುತ್ತೆ.

ಗಿಡದ ವಿಷ, ವೈರಸ್, ಅಪ್ಪನಿಂದ ಬಂದ ದೋಷ. ಮೂರರಲ್ಲೂ ಕರು ಹೆಚ್ಚು ಕಡಿಮೆ ಒಂದೇ ತರಹ ಕಾಣೋದು ಯಾಕೆ? ನನಗೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಇಷ್ಟವಾದ ಭಾಗ ಇದೇ. ಗರ್ಭದಲ್ಲಿ ಕರು ಸುಮ್ಮನೆ ಮಲಗಿರೋದಿಲ್ಲ, ಕಾಲಾಡಿಸ್ತಾ ಇರುತ್ತೆ. ಆ ಆಟದಿಂದಲೇ ಕೀಲುಗಳು ಕೀಲುಗಳಾಗೋದು. ಅಲುಗಾಟ ನಿಂತರೆ ಕೀಲು ಬಿಗಿದುಕೊಳ್ಳುತ್ತೆ, ಕಾಲು ಹೇಗಿತ್ತೋ ಹಾಗೇ ನಿಂತುಬಿಡುತ್ತೆ. ಲೂಪಿನ್ ವಿಷ ಕರುವಿನ ಅಲುಗಾಟವನ್ನು ನಿಲ್ಲಿಸುತ್ತೆ. ವೈರಸ್ ನರವನ್ನೋ ಸ್ನಾಯುವನ್ನೋ ಕೆಡಿಸಿ ನಿಲ್ಲಿಸುತ್ತೆ. ವಂಶದ ದೋಷವೂ, ಮುಂದೆ ನೋಡೋ ಹಾಗೆ, ಅದನ್ನೇ ಮಾಡುತ್ತೆ. ಅಂದ್ಮೇಲೆ ಸತ್ತ ಕರುವನ್ನು ಬರೀ ಕಣ್ಣಲ್ಲಿ ನೋಡಿ ಇದು ಹೋರಿಯ ತಪ್ಪು ಅಂತ ಹೇಳೋ ಹಾಗಿಲ್ಲ. ಹೇಳಬೇಕಾದರೆ ಲೆಕ್ಕ ಬೇಕು. ನುಸಿಯ ಕಾಟವಾದರೆ ಒಂದೇ ಋತುವಿನಲ್ಲಿ, ಬೇರೆ ಬೇರೆ ಹೋರಿಗಳ ಕರುಗಳು ಒಟ್ಟಿಗೆ ಹೀಗಾಗ್ತವೆ. ಗಿಡವಾದರೆ ಒಂದೇ ಹುಲ್ಲುಗಾವಲಲ್ಲಿ ಮೇಯ್ದ ಹಸುಗಳ ಕರುಗಳು. ವಂಶವಾದರೆ ಊರು ಬೇರೆ, ಮೇವು ಬೇರೆ, ವರ್ಷ ಬೇರೆ, ರಕ್ತ ಮಾತ್ರ ಒಂದೇ.

ಆ್ಯಂಗಸ್ ಕರುಗಳಲ್ಲಿ ಕಂಡದ್ದು ಈ ಮೂರನೆಯದು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಪಶುರೋಗ ತಜ್ಞ ಡೇವಿಡ್ ಸ್ಟೆಫನ್ ಕರುಗಳನ್ನು ಪರೀಕ್ಷಿಸಿದರು, ಇಲಿನಾಯ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಜೊನಾಥನ್ ಬೀವರ್ ಡಿಎನ್‌ಎ ಹಿಡಿದು ಕೂತರು. ಕರುಗಳ ವಂಶಾವಳಿ ತೆಗೆದರೆ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಒಂದೇ ಹೆಸರು ಬರುತ್ತಿತ್ತು: ಗಾರ್ ಪ್ರಿಸಿಷನ್ 1680.

ಈ ಪ್ರಿಸಿಷನ್ 1990ರಲ್ಲಿ ಹುಟ್ಟಿದ ಹೋರಿ. ಕೆಟ್ಟ ಹೆಸರಿನ ಹೋರಿ ಅಲ್ಲವೇ ಅಲ್ಲ, ತದ್ವಿರುದ್ಧ. ಅದರ ಕರುಗಳು ಚೆನ್ನಾಗಿ ಬೆಳೆಯುತ್ತಿದ್ದವು, ಮಾಂಸದ ಗುಣಕ್ಕೆ ಹೆಸರಾಗಿದ್ದವು. ಎಲ್ಲರೂ ಅದರ ವೀರ್ಯವನ್ನೇ ಕೊಂಡರು. ಮಗನನ್ನು ಕೊಂಡರು, ಮಗಳನ್ನು ಕೊಂಡರು. ಕೊನೆಗೆ ಒಂದು ಕಡೆಯ ಮೊಮ್ಮಗನನ್ನು ಇನ್ನೊಂದು ಕಡೆಯ ಮೊಮ್ಮಗಳಿಗೆ ಕೊಡಿಸಿದರು. ಅಲ್ಲಿ ಸಿಕ್ಕಿಬಿತ್ತು.

ಯಾಕೆ ಅಲ್ಲಿಯವರೆಗೆ ಸಿಕ್ಕಿಬೀಳಲಿಲ್ಲ? ಪ್ರತಿ ವಂಶವಾಹಿಯೂ ಎರಡು ಪ್ರತಿಗಳಲ್ಲಿ ಇರುತ್ತೆ, ಅಪ್ಪನದೊಂದು ಅಮ್ಮನದೊಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತೆ. ಅಂಥ ಪ್ರಾಣಿಯನ್ನು ವಾಹಕ ಅಂತೀವಿ. ವಾಹಕ ಹೋರಿಯನ್ನು ದೋಷವಿಲ್ಲದ ಹಸುಗಳಿಗೆ ಬಿಟ್ಟರೆ ಹುಟ್ಟುವ ಕಾಯಿಲೆ ಕರು ಎಷ್ಟು? ಸೊನ್ನೆ. ಸಾವಿರ ಕರು ಹುಟ್ಟಿದರೂ ಸೊನ್ನೆ. ಆದರೆ ಸುಮಾರು 500 ವಾಹಕಗಳಾಗಿ ಹೊರಟಿರುತ್ತವೆ. ಅದೇ ಹೋರಿಯನ್ನು ಅದರ ಮಗಳಿಗೇ ಬಿಟ್ಟರೆ ಎಂಟರಲ್ಲಿ ಒಂದು ಕರು ಕಾಯಿಲೆಯದು: ಮಗಳು ವಾಹಕವಾಗಿರುವ ಸಾಧ್ಯತೆ ಅರ್ಧ, ಇಬ್ಬರೂ ವಾಹಕರಾದರೆ ಕರುವಿಗೆ ಎರಡೂ ಕೆಟ್ಟ ಪ್ರತಿ ಸಿಗುವ ಸಾಧ್ಯತೆ ಕಾಲು. ಅಂದರೆ ಪ್ರಿಸಿಷನ್ ಹೆಸರು ಕೆಟ್ಟದ್ದು ಅದರ ಒಳ್ಳೆಯ ಹೆಸರಿನಿಂದಲೇ. ಅಷ್ಟು ಜನ ಬಳಸದೇ ಇದ್ದಿದ್ದರೆ ಅದರ ರಕ್ತ ಅದರ ರಕ್ತವನ್ನೇ ಎದುರುಗೊಳ್ಳುತ್ತಿರಲಿಲ್ಲ.

ಇದು ಒಮಾನ್‌ನಲ್ಲಿ ಇರೋರಿಗೂ ನಮ್ಮ ದಕ್ಷಿಣ ಕರ್ನಾಟಕದೋರಿಗೂ ತೀರಾ ಹೊಸ ಲೆಕ್ಕವಲ್ಲ. ಇಲ್ಲಿ ಕುಡುಗೋಲು ಕಣ ರೋಗದ, ಅಂದ್ರೆ ಸಿಕಲ್ ಸೆಲ್ ಕಾಯಿಲೆಯ, ವಾಹಕರು ಸುಮಾರು ನೂರಕ್ಕೆ ಆರು ಜನ. ಅವರು ಆರೋಗ್ಯವಾಗೇ ಇರ್ತಾರೆ. ಸಂಬಂಧದಲ್ಲಿ ಮದುವೆ ಹೆಚ್ಚಿರುವ ಕಡೆ ಇಬ್ಬರು ವಾಹಕರು ಸೇರುವ ಸಂಭವ ಹೆಚ್ಚು, ಅಷ್ಟೇ. ನಮ್ಮಲ್ಲಿ ಸೋದರಮಾವನಿಗೆ ಕೊಡೋದು ಗೊತ್ತೇ ಇದೆ. ಯಾರೂ ವಾಹಕರನ್ನು ಕೆಟ್ಟವರು ಅನ್ನೋದಿಲ್ಲ. ಹೋರಿಗೆ ಮಾತ್ರ ಆ ರಿಯಾಯಿತಿ ಇಲ್ಲ.

ಬೀವರ್ ಅವರ ತಂಡ ಕೆಲವೇ ತಿಂಗಳಲ್ಲಿ, 2008ರ ನವೆಂಬರ್ ಹೊತ್ತಿಗೆ, ಡಿಎನ್‌ಎ ಪರೀಕ್ಷೆ ಸಿದ್ಧಮಾಡಿತು. ಸುರುಳಿ ಕರುಗಳ ಡಿಎನ್‌ಎಯಲ್ಲಿ ಸುಮಾರು 23 ಸಾವಿರ ಅಕ್ಷರಗಳ ಒಂದು ತುಂಡೇ ಕಾಣೆಯಾಗಿತ್ತು. ಕಾಣೆಯಾದ ತುಂಡಿನಲ್ಲಿ ಅಗ್ರಿನ್ ಎಂಬ ಪ್ರೋಟೀನಿನ ವಂಶವಾಹಿ ಇತ್ತು. ನರ ಸ್ನಾಯುವನ್ನು ಮುಟ್ಟುವ ಜಾಗ ಸರಿಯಾಗಿ ಕಟ್ಟಿಕೊಳ್ಳಬೇಕಾದರೆ ಈ ಅಗ್ರಿನ್ ಬೇಕು. ಅದಿಲ್ಲದಿದ್ದರೆ ಸ್ನಾಯುವಿಗೆ ಆಜ್ಞೆ ತಲುಪೋದಿಲ್ಲ, ಕರು ಅಲುಗಾಡೋದಿಲ್ಲ. ನಾನು ಆಗಲೇ ಹೇಳಿದ್ದು ಇದನ್ನೇ.

ಇನ್ನೂ ಒಂದು ತಿರುವು ಇದೆ. ಪರೀಕ್ಷೆ ಬಂದ ಮೇಲೆ ಹಳೆಯ ಹೋರಿಗಳ ಶೇಖರಿಸಿಟ್ಟ ವೀರ್ಯವನ್ನೂ ನೋಡಿದರು. ದೋಷ ಪ್ರಿಸಿಷನ್‌ನಲ್ಲಿ ಹುಟ್ಟಿದ್ದಲ್ಲ. ಅದರ ತಾಯಿಯ ತಂದೆ, ರಿಟೊ 9ಜೆ9 ಎಂಬ ಹೋರಿಯಿಂದ ಬಂದದ್ದು. ಊರೆಲ್ಲಾ ಮೊಮ್ಮಗನನ್ನು ಬೈತಿತ್ತು, ಗಂಟು ಇದ್ದದ್ದು ತಾತನ ಹತ್ತಿರ. ಹಾಗಂತ ಪ್ರಿಸಿಷನ್ ಪೂರ್ತಿ ಪಾರಾಗಲಿಲ್ಲ. ಮರುವರ್ಷವೇ ಇನ್ನೊಂದು ದೋಷ ಬಯಲಾಯಿತು: ತಲೆಯಲ್ಲಿ ನೀರು ತುಂಬಿ, ಬುರುಡೆ ಚೆಂಡಿನ ಹಾಗೆ ಉಬ್ಬಿ ಹುಟ್ಟುವ ಕರುಗಳು. ಅದರ ಮೂಲ ಹುಡುಕಿದರೆ ಈ ಸಲ ಪ್ರಿಸಿಷನ್ ಹೋರಿಯೇ. ಒಂದು ದೂರಿನಲ್ಲಿ ಅರ್ಧ ನಿರಪರಾಧಿ, ಇನ್ನೊಂದರಲ್ಲಿ ಮೂಲಪುರುಷ.

ಡಿಎನ್‌ಎ ಪರೀಕ್ಷೆ ಇಲ್ಲದ ಕಾಲದಲ್ಲಿ ಏನು ಮಾಡ್ತಿದ್ದರು? 1940 ಮತ್ತು 50ರ ದಶಕದಲ್ಲಿ ಹೆರಿಫೋರ್ಡ್ ಮತ್ತು ಆ್ಯಂಗಸ್ ತಳಿಗಳಲ್ಲಿ ಕುಳ್ಳು ಕರುಗಳ ಹಾವಳಿ ಎದ್ದಿತ್ತು. ಆಗಿನ ಫ್ಯಾಷನ್ ಗಿಡ್ಡಗಿನ, ಗುಂಡಗಿನ ಹೋರಿ. ಪ್ರದರ್ಶನಗಳಲ್ಲಿ ಅಂಥದ್ದಕ್ಕೇ ಬಹುಮಾನ. ದೋಷದ ಒಂದೇ ಪ್ರತಿ ಇದ್ದರೂ ಹೋರಿ ಕೊಂಚ ಗಿಡ್ಡಗಾಗಿ ತೀರ್ಪುಗಾರರ ಕಣ್ಣಿಗೆ ಬೀಳುತ್ತೆ ಅನ್ನುವ ಅಭಿಪ್ರಾಯ ಆಗ ಬಲವಾಗಿತ್ತು. ಹೋರಿಯ ಹಣೆಯ ಉಬ್ಬನ್ನು ಅಳೆದು ವಾಹಕವನ್ನು ಪತ್ತೆಹಚ್ಚಲು ಪ್ರೊಫೈಲೋಮೀಟರ್ ಅಂತ ಒಂದು ಸಲಕರಣೆಯನ್ನೂ ಮಾಡಿದರು. ನಂಬಿಕೆಗೆ ಅದು ನಿಲ್ಲಲಿಲ್ಲ. ಮತ್ತೆ ಕುಳ್ಳು ಕರು ಹುಟ್ಟಿದವರು ಬಾಯಿಬಿಡುತ್ತಿರಲಿಲ್ಲ. ತಮ್ಮ ಹಿಂಡಿನ ಹೆಸರು ಕೆಟ್ಟರೆ ಹೋರಿ ಮಾರೋದು ಹೇಗೆ? ರಾತ್ರೋರಾತ್ರಿ ಹೂತು ಸುಮ್ಮನಾದರೆ ಆ ಕರು ಯಾವ ಲೆಕ್ಕಕ್ಕೂ ಸೇರೋದಿಲ್ಲ.

ನಂಬಬಹುದಾದ ಹಳೆಯ ದಾರಿ ಒಂದಿತ್ತು: ಸಂಶಯದ ಹೋರಿಯನ್ನು ವಾಹಕ ಅಂತ ಖಚಿತವಾಗಿ ಗೊತ್ತಿರುವ ಹಸುಗಳಿಗೇ ಬಿಡೋದು. ಹೋರಿಯೂ ವಾಹಕವಾಗಿದ್ದರೆ ಪ್ರತಿ ಕರು ಸರಿ ಇರುವ ಸಾಧ್ಯತೆ ಮುಕ್ಕಾಲು. ಮುಕ್ಕಾಲನ್ನು ಮುಕ್ಕಾಲಿನಿಂದ 16 ಸಲ ಗುಣಿಸಿ ನೋಡಿ, ನೂರಕ್ಕೆ ಒಂದಕ್ಕೆ ಇಳಿಯುತ್ತೆ. ಅಂದರೆ 16 ಕರುಗಳೂ ಚೆನ್ನಾಗಿ ಹುಟ್ಟಿದರೆ ಹೋರಿ ನಿರ್ದೋಷಿ ಅಂತ 99 ಭಾಗ ನಂಬಬಹುದು. ಹೋರಿಯ ಸ್ವಂತ ಮಗಳಂದಿರ ಮೇಲೆ ಪರೀಕ್ಷೆ ಮಾಡಿದರೆ ಅದೇ ನಂಬಿಕೆಗೆ 35 ಕರು ಬೇಕು. ವರ್ಷಗಟ್ಟಲೆ ಕಾಯಬೇಕು, ಸಾಯಲಿಕ್ಕೆಂದೇ ಕರು ಹುಟ್ಟಿಸಬೇಕು. ಕ್ರೂರ ಲೆಕ್ಕ, ಆದರೆ ಪ್ರಾಮಾಣಿಕ ಲೆಕ್ಕ.

ಮಾಮೂಲಿ ಹಸುಗಳಿಗೆ ಹುಟ್ಟಿದ 30 ಕರು ಚೆನ್ನಾಗಿವೆ ಅಂತ ಯಾರಾದರೂ ಹೇಳಿದರೆ ಅದರಿಂದ ಎಷ್ಟು ಗೊತ್ತಾಗುತ್ತೆ? ಕಡಿಮೆ. ಒಂದೂ ಕೆಡದೆ 30 ಕರು ಹುಟ್ಟಿದರೂ ನಿಜವಾದ ಕೆಡುವ ಪ್ರಮಾಣ ನೂರಕ್ಕೆ ಹತ್ತರ ತನಕ ಇರಬಹುದು. ಮೂರನ್ನು ಕರುಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗೋ ಒರಟು ಮಿತಿ ಅದು. ದೂರಿಗೂ ಇದೇ ಮಾತು. ಹತ್ತು ಸಾವಿರ ಕರುಗಳ ಅಪ್ಪನಾದ ಹೋರಿಯ ಮೇಲೆ ಇಪ್ಪತ್ತು ದೂರು ಬಂದರೆ ಐನೂರರಲ್ಲಿ ಒಂದು. ಮೂವತ್ತು ಕರುಗಳ ಅಪ್ಪನ ಮೇಲೆ ಎರಡೇ ದೂರು ಬಂದರೆ ಹದಿನೈದರಲ್ಲಿ ಒಂದು. ಕಟ್ಟೆಯ ಮೇಲೆ ಚರ್ಚೆಯಾಗೋದು ಮಾತ್ರ ಮೊದಲನೇ ಹೋರಿ.

ಎಲ್ಲ ದೋಷವೂ ಹೀಗೆ ಒಂದೇ ವಂಶವಾಹಿಯ ಮೇಲೆ ನಿಂತಿರೋದಿಲ್ಲ. ಹೆರಿಗೆ ಕಷ್ಟ, ಗೊರಸಿನ ತೊಂದರೆ, ಇವೆಲ್ಲ ನೂರಾರು ಸಣ್ಣ ಕಾರಣಗಳ ಮೊತ್ತ. ಅಲ್ಲಿ ತಳಿಸಂಘಗಳು ಸಾವಿರಾರು ಕರುಗಳ ದಾಖಲೆಯಿಂದ ಅಂದಾಜು ಅಂಕ ಕೊಡುತ್ತವೆ, ಪಕ್ಕದಲ್ಲೇ ಆ ಅಂಕವನ್ನು ಎಷ್ಟು ನಂಬಬಹುದು ಅನ್ನುವ ಇನ್ನೊಂದು ಅಂಕ. ಕೆಲವು ದೋಷ ಜಾಗ ನೋಡಿ ಎದ್ದು ಬರುತ್ತೆ. ಕೊಲೊರಾಡೊದ ಎತ್ತರದ ಬೆಟ್ಟಗಳಲ್ಲಿ ಗಾಳಿ ತೆಳು, ಕೆಲವು ದನಗಳಿಗೆ ಶ್ವಾಸಕೋಶದ ರಕ್ತದೊತ್ತಡ ಏರಿ ಹೃದಯ ಸೋಲುತ್ತೆ. ಅಲ್ಲಿನವರು ಹೋರಿ ಕೊಳ್ಳುವ ಮುಂಚೆ ಆ ಒತ್ತಡವನ್ನೇ ಅಳೆಸುತ್ತಾರೆ. ಅದೇ ಹೋರಿಯ ಕರುಗಳು ಬಯಲುಸೀಮೆಯಲ್ಲಿ ಆರಾಮಾಗಿ ಇದ್ದಿರಬಹುದು.

ಹೋರಿಯ ಹೆಸರನ್ನು ತೂಗೋದು ಎಷ್ಟು ಕಷ್ಟ ಅನ್ನೋದಕ್ಕೆ ಹಾಲಿನ ತಳಿಯಿಂದ ಒಂದು ಉದಾಹರಣೆ. 1962ರಲ್ಲಿ ಹುಟ್ಟಿದ ಪಾನೀ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿ. ಹೆಣ್ಣುಮಕ್ಕಳೇ 16 ಸಾವಿರ. ಅದರಲ್ಲೂ ಒಂದು ಅಡಗಿದ ದೋಷವಿತ್ತು, ಎರಡು ಪ್ರತಿ ಸೇರಿದರೆ ಭ್ರೂಣ ಗರ್ಭದಲ್ಲೇ ಸಾಯುವಂಥದ್ದು. ಸತ್ತದ್ದು ಕಣ್ಣಿಗೆ ಬೀಳೋದಿಲ್ಲ, ಹಸು ಗಬ್ಬ ನಿಲ್ಲಲಿಲ್ಲ ಅಂತ ರೈತ ಅಂದುಕೊಳ್ತಾನೆ. ವಿಜ್ಞಾನಿಗಳು ಅದನ್ನು ಹಿಡಿದದ್ದು ಬದುಕಿದ ದನಗಳ ಡಿಎನ್‌ಎಯಲ್ಲಿ. ಚೀಫ್‌ನ ಒಂದು ತುಂಡು ಎರಡೂ ಪ್ರತಿಗಳಲ್ಲಿ ಇರುವ ದನ ಇಷ್ಟು ಇರಬೇಕಿತ್ತು ಅಂತ ಲೆಕ್ಕ ಹಾಕಿದರೆ, ಒಂದೂ ಇರಲಿಲ್ಲ. ಬರಬೇಕಾದವರು ಬಾರದೇ ಇದ್ದದ್ದೇ ಸಾಕ್ಷಿ. 2016ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಆ ಒಂದು ದೋಷದಿಂದ ಜಗತ್ತಿನಲ್ಲಿ ಸುಮಾರು 5,25,000 ಗರ್ಭಗಳು ಹೋದವು, ನಷ್ಟ 42 ಕೋಟಿ ಡಾಲರ್. ಅದೇ ಲೆಕ್ಕದ ಇನ್ನೊಂದು ಸಾಲು: ಚೀಫ್‌ನಿಂದ ಹಾಲು ಹೆಚ್ಚಿ ಬಂದ ಲಾಭ ಸುಮಾರು 3,000 ಕೋಟಿ ಡಾಲರ್. ಈ ಹೋರಿ ಒಳ್ಳೆಯದೋ ಕೆಟ್ಟದ್ದೋ, ನೀವೇ ಹೇಳಿ. ನನ್ನ ಕೇಳಿದರೆ ಪ್ರಶ್ನೆಯೇ ತಪ್ಪು. ಪರೀಕ್ಷೆ ಇದ್ದ ಮೇಲೆ ವಾಹಕ ಅನ್ನೋದು ತೀರ್ಪಲ್ಲ, ಯಾವ ಹಸುವಿಗೆ ಬಿಡಬಾರದು ಅನ್ನುವ ಸೂಚನೆ.

ನಮ್ಮ ದೇಶದಲ್ಲೂ ವೀರ್ಯ ಕೇಂದ್ರಗಳಿಗೆ ಕನಿಷ್ಠ ಮಾನದಂಡಗಳಿವೆ. ಎಚ್‌ಎಫ್ ಮತ್ತು ಅದರ ಮಿಶ್ರತಳಿ ಹೋರಿಗಳಿಗೆ ಬ್ಲ್ಯಾಡ್, ಸಿಟ್ರುಲಿನೀಮಿಯಾ, ಡಂಪ್ಸ್, ಫ್ಯಾಕ್ಟರ್ ಹನ್ನೊಂದರ ಕೊರತೆ, ಈ ನಾಲ್ಕು ವಂಶದೋಷಗಳ ಪರೀಕ್ಷೆ ಆಗಬೇಕು. ಹರಡುವ ರೋಗಗಳ ಪರೀಕ್ಷೆ ಬೇರೆ. ವೀರ್ಯದ ಕಡ್ಡಿಯ ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತೆ. ಕಡ್ಡಿ ಬಿಸಾಡೋ ಮುಂಚೆ ಫೋನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಸಾಕು.

ತಮ್ಮ ತೆಗೆದಿರಲಿಲ್ಲ. ಸೂಜಿ ಹಾಕಿದವರ ರಿಜಿಸ್ಟರ್ ನೋಡು ಅಂದೆ. ಗೊಣಗಿಕೊಂಡೇ ಹೋದ. ಸಂಜೆ ಫೋನ್ ಬಂತು.

“ಅಣ್ಣಾ, ಎರಡಕ್ಕೂ ಬೇರೆ ಬೇರೆ ನಂಬರ್ ಐತೆ ಕಣಣ್ಣ.”

ಎರಡು ಹಸು, ಎರಡು ಹೋರಿ, ಒಂದೇ ಕೊಟ್ಟಿಗೆ. ಎರಡೂ ಏಳನೇ ತಿಂಗಳಲ್ಲಿ, ಒಂದರ ಹಿಂದೆ ಒಂದು. ಕೇಳುತ್ತಿರುವ ಪಶುವೈದ್ಯರು ಇಷ್ಟು ಹೊತ್ತಿಗೆ ಊಹಿಸಿರುತ್ತಾರೆ. ಐದನೇ ತಿಂಗಳು ದಾಟಿದ ಮೇಲೆ ಕಂದು ಹಾಕಿ, ಪಕ್ಕದ ಹಸುವಿಗೂ ಅದೇ ಆದರೆ ಮೊದಲು ನೋಡಬೇಕಾದದ್ದು ಬ್ರುಸೆಲ್ಲಾ. ಕಂದು ಹಾಕಿದ ಕರು, ಸತ್ತೆ, ಸ್ರಾವ, ಎಲ್ಲದರಲ್ಲೂ ಆ ಬ್ಯಾಕ್ಟೀರಿಯಾ ತುಂಬಿರುತ್ತೆ. ಮನುಷ್ಯರಿಗೂ ಬರುತ್ತೆ, ಹಸಿ ಹಾಲಿನಿಂದ, ಬರಿಗೈಯಲ್ಲಿ ಮುಟ್ಟಿದ್ದರಿಂದ. ಇಲ್ಲಿ ಒಮಾನ್‌ನ ಧೋಫಾರ್ ಕಡೆಯೂ ಅದು ಹಳೆಯ ಸಮಸ್ಯೆ. ನಮ್ಮಲ್ಲಿ 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕುತ್ತಾರೆ. ಅದಕ್ಕಿಂತ ಮುಂಚೆ ದೊಡ್ಡದಾದ ಹಸುಗಳಿಗೆ ಆ ರಕ್ಷಣೆ ಸಿಕ್ಕಿಲ್ಲ.

“ಕರು ಎಳೆದು ಹಾಕ್ದಾಗ ಕೈಗೆ ಗ್ಲೌಸ್ ಹಾಕಿದ್ಯೇನೋ?”

“ಇಲ್ಲ ಕಣಣ್ಣ. ಯಾಕೆ?”

ಡಾಕ್ಟರು ಬಂದು ನಾಲ್ಕೂ ಹಸುಗಳ ರಕ್ತ ತೆಗೆದರು. ಕಂದು ಹಾಕಿದ ಎರಡೂ ಪಾಸಿಟಿವ್. ಉಳಿದ ಎರಡನ್ನು ಬೇರೆ ಕಟ್ಟಿದ್ದಾರೆ, ಮನೆಗೆ ಬಳಸುವ ಹಾಲನ್ನು ಕಾಯಿಸದೆ ಯಾರೂ ಮುಟ್ಟೋ ಹಾಗಿಲ್ಲ. ತಮ್ಮನಿಗೆ ಹತ್ತು ದಿನದಿಂದ ಸಂಜೆ ಹೊತ್ತು ಜ್ವರ ಬರ್ತಿತ್ತಂತೆ, ಸೊಂಟ ನೋವಂತೆ, ಗದ್ದೆ ಕೆಲಸದ ಸುಸ್ತು ಅಂದುಕೊಂಡಿದ್ದ. ರಕ್ತ ಪರೀಕ್ಷೆ ಮಾಡಿಸಿದ, ಅವನಿಗೂ ಬಂದಿತ್ತು. ಆರು ವಾರ ಎರಡು ತರದ ಮಾತ್ರೆ. ಇವತ್ತಿಗೆ ಮೂರು ವಾರ ಆಯ್ತು, ಜ್ವರ ಬಿಟ್ಟಿದೆ.

ನಿನ್ನೆ ಮಾತಾಡುವಾಗ ಕೇಳಿದೆ, ಊರಲ್ಲಿ ಈಗ ಏನಂತಾರೆ ಅಂತ.

“ಏನಂತಾರೆ ಅಣ್ಣಾ, ಆ ಹೋರಿ ಸೂಜಿ ಹಾಕ್ಸಬ್ಯಾಡಿ ಅಂತಾನೇ ಅಂತಾವ್ರೆ.”